ಋಣ ಮತ್ತು ಸಾಲ

ಕನ್ನಡದಲ್ಲಿ ಋಣ ಎಂಬ ಮಾತೂ ಉಂಟು, ಸಾಲ ಎಂಬ ಮಾತೂ ಉಂಟು. ನಿಘಂಟಿನಲ್ಲಿ ಎರಡೂ ಒಂದರ ಪಕ್ಕ ಇನ್ನೊಂದು ಕುಳಿತಿರಬಹುದು, ಬಳಕೆಯಲ್ಲಿ ಮಾತ್ರ ಅವು ಒಂದಲ್ಲ. ಅನ್ನದ ಋಣ ಎನ್ನುತ್ತೇವೆ, ಅನ್ನದ ಸಾಲ ಎನ್ನುವುದಿಲ್ಲ. ತಾಯಿಯ ಋಣ, ಗುರುವಿನ ಋಣ, ಊರಿನ ಋಣ ಎಂದೆಲ್ಲ ಹೇಳುವಾಗ ಅದು ತೀರುವಂಥದ್ದಲ್ಲ ಎಂಬ ತಿಳಿವಳಿಕೆ ಮಾತಿನೊಳಗೇ ಇರುತ್ತದೆ. ತೀರಿಸಲಾಗದ್ದರಿಂದಲೇ ಅದನ್ನು ಮುಂದಿನವರಿಗೆ ಕೊಟ್ಟು ಹಗುರಾಗುತ್ತೇವೆ. ಸಾಲಕ್ಕಾದರೋ ತಾರೀಖಿದೆ, ಬಡ್ಡಿಯಿದೆ, ಸಾಕ್ಷಿಯ ಸಹಿಯಿದೆ. ಅದನ್ನು ಕೊಟ್ಟವನಿಗೇ ಹಿಂದಿರುಗಿಸಬೇಕು.

ವಿದ್ಯೆ ನಮ್ಮಲ್ಲಿ ಬಹುಕಾಲ ಋಣದ ಲೆಕ್ಕದಲ್ಲಿತ್ತು. ಈಗ ಸುಮಾರು ಇಪ್ಪತ್ತೈದು ವರ್ಷಗಳಿಂದ ಅದು ಸಾಲದ ಲೆಕ್ಕಕ್ಕೆ ಬಂದಿದೆ. ಈ ಬದಲಾವಣೆಯಿಂದ ನಮ್ಮ ಮಕ್ಕಳ ಬದುಕಿನಲ್ಲಿ ಏನಾಗಿದೆ ಎಂದು ವಿಚಾರಿಸುವುದೇ ಈ ಬರಹದ ಉದ್ದೇಶ. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಆದರೆ ಹತ್ತನೆಯ ತರಗತಿ ಮುಗಿಸಿ ಹೋದ ಮಕ್ಕಳು ಆರೇಳು ವರ್ಷ ಕಳೆದು ಪದವೀಧರರಾಗಿ ದಾರಿಯಲ್ಲಿ ಸಿಕ್ಕಾಗ ಮೊದಲಿನಂತೆ ನಗುವುದಿಲ್ಲ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರ ಬೇಕಾಗುವುದಿಲ್ಲ.

ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ಹೊರಟಿಲ್ಲ. ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದಿದ ಕತೆಗಳನ್ನು ನಮ್ಮ ಹಿರಿಯರು ಅಭಿಮಾನದಿಂದ ಹೇಳುತ್ತಾರೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಅಭಿಮಾನದ ಹಿಂದೆ ಎಷ್ಟು ಅವಮಾನವಿತ್ತೆಂಬುದನ್ನು ಉಂಡವರೇ ಬಲ್ಲರು. ಅಲ್ಲದೆ ಆ ಪಂಕ್ತಿಯಲ್ಲಿ ಎಲ್ಲ ಜಾತಿಯವರಿಗೂ ಎಲೆ ಹಾಕುತ್ತಿರಲಿಲ್ಲ. ಹೆಣ್ಣುಮಗಳೊಬ್ಬಳು ವಾರಾನ್ನ ಉಂಡು ಮೆಟ್ರಿಕ್ ಮುಗಿಸಿದ್ದನ್ನು ನಾನಂತೂ ಕೇಳಿಲ್ಲ. ಮಠಗಳ, ಸಮುದಾಯಗಳ ಹಾಸ್ಟೆಲುಗಳು ಸಾವಿರಾರು ಹುಡುಗರನ್ನು ಓದಿಸಿದವು, ಹುಡುಗಿಯರ ಸರದಿ ಬರಲು ಬಹಳ ಕಾಲ ಹಿಡಿಯಿತು. ಆದ್ದರಿಂದ ಬ್ಯಾಂಕು ಹೆಣ್ಣುಮಗಳ ಹೆಸರಿಗೇ ಸಾಲ ಕೊಡುತ್ತದೆ, ಕೆಲವೆಡೆ ಬಡ್ಡಿಯಲ್ಲಿ ಅರ್ಧ ಶೇಕಡಾ ರಿಯಾಯಿತಿಯನ್ನೂ ಕೊಡುತ್ತದೆ ಎಂದಾಗ ಅದನ್ನು ಸುಮ್ಮನೆ ಹಳಿಯಲು ನನಗೆ ಮನಸ್ಸು ಬರುವುದಿಲ್ಲ. ಯಾರ ಮನೆಯ ಜಗಲಿಯಲ್ಲೂ ಕೈಕಟ್ಟಿ ನಿಲ್ಲದೆ ಓದಬಹುದು ಎಂಬುದು ಸಣ್ಣ ಮಾತಲ್ಲ. ಸಾಲವಿಲ್ಲದಿದ್ದರೆ ನನ್ನ ಎಷ್ಟೋ ಶಿಷ್ಯೆಯರು ಪಿಯುಸಿ ದಾಟುತ್ತಿರಲಿಲ್ಲ. ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು.

ನಮ್ಮ ಕರಾವಳಿಯನ್ನು ಬ್ಯಾಂಕುಗಳ ತವರು ಎಂದು ಕರೆಯುತ್ತಾರೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದಕ್ಕೂ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲನ್ನು ಆರಂಭಿಸಿದ್ದರು. ಶಾಲೆ ಮೊದಲು, ಬ್ಯಾಂಕು ಆಮೇಲೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ. ಏಜೆಂಟರು ಮನೆಬಾಗಿಲಿಗೆ ಬಂದು ಪುಸ್ತಕದಲ್ಲಿ ಗುರುತು ಹಾಕಿ ಹೋಗುತ್ತಿದ್ದರು. ಮೀನು ಮಾರುವ ಹೆಂಗಸರು, ನೇಕಾರರು, ಬೀಡಿ ಕಟ್ಟುವವರು ಇಂಥ ಪುಸ್ತಕದ ಬಲದಿಂದ ಮಗನ ಫೀಸು ಕಟ್ಟಿದರು, ಮಗಳಿಗೆ ಓಲೆ ಮಾಡಿಸಿದರು. ಬ್ಯಾಂಕು ಎಂದರೆ ನಮ್ಮ ಹಿರಿಯರಿಗೆ ದುಡ್ಡು ಇಡುವ ಜಾಗ. ಮುಂದಾಗುವ ಖರ್ಚಿಗೆ ಇಂದು ಕೂಡಿಡುವುದು ಅದರ ನೀತಿ.

ಈಗಿನ ವಿದ್ಯಾಸಾಲ ಈ ನೀತಿಯನ್ನು ಬುಡಮೇಲು ಮಾಡಿದೆ. ಇಂದಿನ ಖರ್ಚಿಗೆ ಮುಂದಿನ ದುಡಿಮೆಯನ್ನು ಅಡವಿಡುವುದು ಇದರ ಕ್ರಮ. ಆ ದುಡಿಮೆ ಇನ್ನೂ ಹುಟ್ಟಿಲ್ಲ, ಹುಟ್ಟುತ್ತದೆಯೇ ಎಂದು ಯಾರಿಗೂ ಗೊತ್ತಿಲ್ಲ. ಅಡವಿಡುವ ಮಗುವಿಗೆ ಹದಿನೆಂಟು ವರ್ಷ.

ಇದು ಹೇಗೆ ಬಂತು ಎಂಬುದನ್ನು ಇಸವಿಗಳ ಸಾಲಿನಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಖಾಸಗಿ ವೃತ್ತಿ ಕಾಲೇಜುಗಳಿಗೆ ದೇಶದಲ್ಲೇ ಹೆಸರಾದ ರಾಜ್ಯ ನಮ್ಮದು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆಯನ್ನು 1984ರಲ್ಲಿಯೇ ಮಾಡಿದ ರಾಜ್ಯವೂ ನಮ್ಮದೇ. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಈ ಅರವತ್ತು ಸಾವಿರ ಕೊಡಲಾರದೆ ಸುಪ್ರೀಂ ಕೋರ್ಟಿಗೆ ಹೋದಳು. ವಿದ್ಯೆ ಪ್ರಜೆಯ ಹಕ್ಕು, ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದು ನ್ಯಾಯಾಲಯ 1992ರಲ್ಲಿ ಹೇಳಿತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಖಾಸಗಿ ಕಾಲೇಜುಗಳ ಅರ್ಧ ಸೀಟು ಕಡಿಮೆ ಶುಲ್ಕಕ್ಕೆ, ಅರ್ಧ ಸೀಟು ಹೆಚ್ಚು ಶುಲ್ಕಕ್ಕೆ ಎಂಬ ಏರ್ಪಾಟು ಮಾಡಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಏರ್ಪಾಟನ್ನು ತೆಗೆದುಹಾಕಿತು. ಲಾಭಕೋರತನ ಕೂಡದು, ಆದರೆ ಅನುದಾನ ಪಡೆಯದ ಕಾಲೇಜು ತನ್ನ ಶುಲ್ಕವನ್ನು ತಾನೇ ಗೊತ್ತುಮಾಡಬಹುದು ಎಂದಿತು. ಆ ಮೊಕದ್ದಮೆಯ ಹೆಸರು ಟಿ.ಎಂ.ಎ. ಪೈ ಪ್ರತಿಷ್ಠಾನದ್ದು. ಪಿಗ್ಮಿಯನ್ನು ತಂದ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾದ, 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜನ್ನು ಕಟ್ಟಿದ ಡಾ. ಟಿ.ಎಂ.ಎ. ಪೈ ಅವರ ಹೆಸರು ಅದು. ಎರಡಾಣೆಯ ಉಳಿತಾಯವೂ ಶುಲ್ಕ ತೆತ್ತು ಪಡೆಯುವ ವೃತ್ತಿಶಿಕ್ಷಣವೂ ಒಂದೇ ನೆಲದಲ್ಲಿ, ಒಂದೇ ಹೆಸರಿನ ಆಸುಪಾಸಿನಲ್ಲಿ ಬೆಳೆದವು ಎಂಬುದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಯೋಚಿಸಬೇಕಾದ ಸಂಗತಿ.

ಈ ತೀರ್ಪಿನ ಹಿಂದಿನ ವರ್ಷ, 2001ರಲ್ಲಿ, ಬ್ಯಾಂಕುಗಳ ಸಂಘ ಮಾದರಿ ಶೈಕ್ಷಣಿಕ ಸಾಲ ಯೋಜನೆಯನ್ನು ಹೊರತಂದಿತ್ತು. ಅದನ್ನು ರೂಪಿಸಿದ ಅಧ್ಯಯನ ತಂಡದ ಅಧ್ಯಕ್ಷರು ಆಗ ಕೆನರಾ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಆರ್.ಜೆ. ಕಾಮತ್. ದೇಶದೊಳಗಿನ ಓದಿಗೆ ಏಳೂವರೆ ಲಕ್ಷ, ವಿದೇಶದ ಓದಿಗೆ ಹದಿನೈದು ಲಕ್ಷ ಅಂದಿನ ಮಿತಿ. ನಾಲ್ಕು ಲಕ್ಷದವರೆಗೆ ಆಸ್ತಿಯ ಭದ್ರತೆ ಬೇಡ. ಯೋಜನೆ ಮಾಡಿದವರ ಮನಸ್ಸಿನಲ್ಲಿ ಕೆಟ್ಟದ್ದಿತ್ತೆಂದು ನಾನು ಹೇಳಲಾರೆ. ಆದರೆ ಒಂದು ಕಡೆ ಶುಲ್ಕದ ಕಟ್ಟು ಸಡಿಲವಾಗಿ, ಇನ್ನೊಂದು ಕಡೆ ಶುಲ್ಕ ಕಟ್ಟಲು ಸಾಲದ ಬಾಗಿಲು ತೆರೆದಾಗ, ಶುಲ್ಕ ಏಕೆ ಇಷ್ಟು ಎಂದು ಕೇಳುವವರು ಕಡಿಮೆಯಾಗುತ್ತಾರೆ. ಸಾಲ ಸಿಗುತ್ತದಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಕ್ಕು ಎಂದು 1992ರಲ್ಲಿ ಕರೆಸಿಕೊಂಡದ್ದು ಹತ್ತು ವರ್ಷದೊಳಗೆ ಬಂಡವಾಳ ಹೂಡಿಕೆ ಎಂದು ಕರೆಸಿಕೊಂಡಿತು.

ಇನ್ನು ಆ ಸಾಲದ ಭಾಷೆಯನ್ನು ನೋಡೋಣ. ಬ್ಯಾಂಕಿನ ಗೋಡೆಯ ಚಿತ್ರದಲ್ಲಿ ಕಪ್ಪು ಟೋಪಿ ಹಾಕಿದ ಹುಡುಗಿ ನಗುತ್ತಿರುತ್ತಾಳೆ. ಅಲ್ಲಿ ಕನಸು, ರೆಕ್ಕೆ, ಆಕಾಶ ಎಂಬ ಮಾತುಗಳಿರುತ್ತವೆ. ಒಳಗೆ ಮೇಜಿನ ಮೇಲಿರುವ ಅರ್ಜಿಯಲ್ಲಿ ಇವು ಒಂದೂ ಇರುವುದಿಲ್ಲ. ಅರ್ಜಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ, ಕೆಳಗೆ ಅಮ್ಮನ ಸಹಿ ಕನ್ನಡದಲ್ಲಿ. ಅಪ್ಪ ಅಥವಾ ಅಮ್ಮ ಸಹಸಾಲಗಾರರು. ಎಂದರೆ ಸಾಲ ಮಗುವಿನದು ಮಾತ್ರವಲ್ಲ, ಬೀಡಿ ಕಟ್ಟುವ ತಾಯಿಯದೂ ಹೌದು. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಮುಕ್ಕಾಲು ಪಾಲು ಖಾತರಿ ಕೊಡುವ ನಿಧಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಮಾಡಿತು. ಹಾಗಿದ್ದೂ ಜಾಮೀನಿಗೆ ಸರ್ಕಾರಿ ನೌಕರರೊಬ್ಬರನ್ನು ಕರೆತನ್ನಿ ಎಂದು ಶಾಖೆಯಲ್ಲಿ ಹೇಳಿಸಿಕೊಂಡು ನನ್ನ ಬಳಿ ಬಂದ ತಂದೆತಾಯಿಯರು ಇದ್ದಾರೆ. ನಿಯಮ ದೆಹಲಿಯಲ್ಲಿ ಒಂದಾದರೆ ಕೌಂಟರಿನಲ್ಲಿ ಇನ್ನೊಂದು.

ಅರ್ಜಿಯಲ್ಲಿ ಎಲ್ಲಕ್ಕಿಂತ ಸೊಗಸಾದ ಮಾತು ಸಾಲದ ರಜೆ ಎಂಬುದು. ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಹದಿನೆಂಟರ ಮಗು ರಜೆ ಎಂದರೆ ರಜೆ ಎಂದೇ ತಿಳಿಯುತ್ತದೆ. ಕಂತಿಗೆ ರಜೆ ಇದ್ದರೂ ಬಡ್ಡಿಗೆ ರಜೆ ಇಲ್ಲ ಎಂಬುದನ್ನು ಬಿಡಿಸಿ ಹೇಳುವವರು ಯಾರು? ನಮ್ಮ ಪಠ್ಯದಲ್ಲಿ ಸರಳಬಡ್ಡಿಯ ಲೆಕ್ಕವಿದೆ, ಅದನ್ನೇ ಇಲ್ಲಿ ಮಾಡಿ ನೋಡಬಹುದು. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ, ನೂರಕ್ಕೆ ಹತ್ತರ ಬಡ್ಡಿಯಲ್ಲಿ ಸಾಲ ಎಂದಿಟ್ಟುಕೊಳ್ಳಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ರಜೆ ಮುಗಿದ ದಿನ ನಾಲ್ಕು ಲಕ್ಷ ಐದು ಲಕ್ಷದ ನಲವತ್ತು ಸಾವಿರವಾಗಿರುತ್ತದೆ. ಅದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 8,965 ರೂಪಾಯಿ, ಕೊನೆಗೆ ಕಟ್ಟಿದ್ದು ಒಟ್ಟು ಏಳೂವರೆ ಲಕ್ಷ. ಕಂತು ಭಾರವಾಯಿತೆಂದು ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ ಸುಮಾರು 5,800, ಒಟ್ಟು ಹತ್ತು ಲಕ್ಷದ ನಲವತ್ತು ಸಾವಿರ ದಾಟುತ್ತದೆ. ಇಪ್ಪತ್ತಮೂರಕ್ಕೆ ಕಂತು ಆರಂಭಿಸಿದವಳಿಗೆ ಮುಗಿಯುವಾಗ ಮೂವತ್ತೆಂಟು. ಅಷ್ಟರಲ್ಲಿ ಅವಳ ಮಗು ಶಾಲೆಯಲ್ಲಿರುತ್ತದೆ, ಅದರ ಫೀಸು ಶುರುವಾಗಿರುತ್ತದೆ.

ಸಂಬಳ ಚೆನ್ನಾಗಿದ್ದರೆ ಇದೇನು ದೊಡ್ಡದು ಎಂದು ಕೇಳಬಹುದು. ಸಂಬಳದ ಕತೆಯೂ ಬಲ್ಲವರಿಗೆ ಗೊತ್ತು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸಬರಿಗೆ ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷ ಎಂಬ ಸಂಬಳ ಹತ್ತು ಹದಿನೈದು ವರ್ಷಗಳ ಕಾಲ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಆ ಅವಧಿಯಲ್ಲಿ ಬೆಂಗಳೂರಿನ ಬಾಡಿಗೆ ನಿಲ್ಲಲಿಲ್ಲ, ಕಾಲೇಜಿನ ಶುಲ್ಕವೂ ನಿಲ್ಲಲಿಲ್ಲ. ಕೈಗೆ ಬರುವ ಇಪ್ಪತ್ತೈದು ಸಾವಿರದಲ್ಲಿ ಒಂಬತ್ತು ಸಾವಿರ ಕಂತಿಗೆ, ಎಂಟೊಂಬತ್ತು ಸಾವಿರ ಪಿ.ಜಿ.ಗೆ ಹೋದರೆ ಉಳಿದದ್ದರಲ್ಲಿ ಬಸ್ಸು, ಊಟ, ಮನೆಗೆ ಕಳುಹಿಸುವುದು. ಇದು ಕೆಲಸ ಸಿಕ್ಕವರ ಮಾತು.

ನರ್ಸಿಂಗ್ ಓದಿದವರದು ಇದಕ್ಕಿಂತ ಕಷ್ಟ. ಬೆಂಗಳೂರು, ಮಂಗಳೂರಿನ ಖಾಸಗಿ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ ಮಕ್ಕಳು ತಂಡತಂಡವಾಗಿ ಬಂದರು, ಅಲ್ಲಿನ ಬ್ಯಾಂಕುಗಳಲ್ಲಿ ಸಾಲ ಮಾಡಿ ಇಲ್ಲಿ ಶುಲ್ಕ ಕಟ್ಟಿದರು. ಕೆಲಸಕ್ಕೆ ಸೇರಿದಾಗ ಖಾಸಗಿ ಆಸ್ಪತ್ರೆಗಳು ಕೊಟ್ಟ ಸಂಬಳ ಕಂತಿಗೂ ಸಾಲದಂತಿತ್ತು. 2011 ಮತ್ತು 2012ರಲ್ಲಿ ನರ್ಸುಗಳು ಹಲವೆಡೆ ಮುಷ್ಕರ ಹೂಡಿದರು. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ನೇಮಕವಾದ ಸಮಿತಿ, ಸಣ್ಣ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000ಕ್ಕೆ ಕಡಿಮೆ ಸಂಬಳ ಇರಬಾರದು ಎಂದು ಶಿಫಾರಸು ಮಾಡಿತು. ಹಾಗೆ ಹೇಳಬೇಕಾಯಿತೆಂದರೆ ಅದಕ್ಕಿಂತ ಕಡಿಮೆಗೆ ದುಡಿಸುತ್ತಿದ್ದರು ಎಂದೇ ಅರ್ಥ. ಕೇರಳ ಸರ್ಕಾರ 2017ರಲ್ಲಿ ವಿದ್ಯಾಸಾಲ ತೀರಿಸಲು ನೆರವಾಗುವ ಯೋಜನೆಯನ್ನೇ ತರಬೇಕಾಯಿತು. ದೇಶದ ಬ್ಯಾಂಕುಗಳ 2020ರ ಕೊನೆಯ ಲೆಕ್ಕದಲ್ಲಿ ವಿದ್ಯಾಸಾಲದ ಶೇ. 9ಕ್ಕೂ ಹೆಚ್ಚು ಭಾಗ ಬಾರದ ಸಾಲವಾಗಿತ್ತು, ನರ್ಸಿಂಗ್ ಮತ್ತು ಎಂಜಿನಿಯರಿಂಗ್ ಸಾಲಗಳಲ್ಲಿ ಈ ಪ್ರಮಾಣ ಇನ್ನೂ ಮೇಲಿತ್ತು. ಮಕ್ಕಳಿಗೆ ಶಿಸ್ತಿಲ್ಲ, ಸಾಲ ತೀರಿಸುವ ಮನಸ್ಸಿಲ್ಲ ಎನ್ನುವವರು ಈ ಎರಡು ಓದುಗಳೇ ಏಕೆ ಮೇಲಿವೆ ಎಂಬುದನ್ನು ಯೋಚಿಸಬೇಕು. ಹಾದಿಗೊಂದರಂತೆ ಖಾಸಗಿ ಕಾಲೇಜು ಎದ್ದದ್ದು ಈ ಎರಡಕ್ಕೇ.

ಅಂಕಿಸಂಖ್ಯೆಯಲ್ಲಿ ಕಾಣದ ಇನ್ನೊಂದು ವಿಷಯವನ್ನು ಹೆಂಗಸಾಗಿ ನಾನು ಹೇಳಬೇಕು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ನನ್ನ ಶಿಷ್ಯೆಯೊಬ್ಬಳ ಮನೆಗೆ ಹುಡುಗನ ಕಡೆಯವರು ಬಂದಿದ್ದರು. ಜಾತಕ ಕೂಡಿತ್ತು. ಅವಳ ಅಮ್ಮ ಆಮೇಲೆ ನನ್ನಲ್ಲಿ ಹೇಳಿದರು: “ಎಂತ ಹೇಳುದು ಟೀಚರ್, ಚಾ ಕುಡಿದು ಆದ ಮೇಲೆ ಮೆಲ್ಲ ಕೇಳಿದ್ರು, ಹುಡುಗಿಗೆ ಬ್ಯಾಂಕಿಂದು ಸಾಲ ಉಂಟಾ ಅಂತ. ಉಂಟು ಹೇಳಿದೆ. ಮತ್ತೆ ಅವರ ಫೋನೇ ಇಲ್ಲ.” ಆ ತಾಯಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಇಲ್ಲಿ ಬ್ಯಾಂಕಿನ ತಪ್ಪೇನೂ ಇಲ್ಲ ಎಂದು ವಾದಿಸಬಹುದು. ಆದರೆ ವಿದ್ಯೆ ಹೆಣ್ಣಿಗೆ ಗೌರವ ತರುತ್ತದೆ ಎಂದು ಮೂವತ್ತು ವರ್ಷ ಮನೆಮನೆಗೆ ಹೋಗಿ ಹೇಳಿದ ನಾವು ಶಿಕ್ಷಕಿಯರು ಈ ತಾಯಿಗೆ ಏನು ಹೇಳಬೇಕು? ವರದಕ್ಷಿಣೆ ಕೇಳುವುದು ಅಪರಾಧ ಎಂದು ತಿಳಿದವರು ಈಗ ಅದನ್ನು ಬೇರೆ ದಾರಿಯಲ್ಲಿ ಲೆಕ್ಕ ಹಾಕುತ್ತಾರೆ. ಸಾಲವಿರುವ ಹುಡುಗನಿಗೆ ಇದೇ ಪ್ರಶ್ನೆ ಇಷ್ಟು ಗಟ್ಟಿಯಾಗಿ ಬರುವುದಿಲ್ಲ. ಅವನದು ಹೂಡಿಕೆ, ಅವಳದು ಹೊರೆ.

ಕಂತು ತಪ್ಪಿದರೆ ಆ ಕಲೆ ಬೇಗ ಹೋಗುವುದೂ ಇಲ್ಲ. ಸಿಬಿಲ್ ಅಂಕ ಎಂಬುದೊಂದಿದೆ, ಇದು ಹಾಳಾದರೆ ಮುಂದೆ ಎಲ್ಲಿಯೂ ಸಾಲ ಹುಟ್ಟುವುದಿಲ್ಲ. ಈಗ ಬ್ಯಾಂಕಿನ ನೌಕರಿಗೂ ಈ ಅಂಕವನ್ನು ನೋಡುತ್ತಾರೆ. ಹಿಂದಿನ ಸಾಲಗಳ ಕಂತು ತಪ್ಪಿದ್ದನ್ನು ಕಾರಣವಾಗಿಟ್ಟು ಒಬ್ಬರ ನೇಮಕವನ್ನು ಬ್ಯಾಂಕು ರದ್ದುಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಅದು ವಿದ್ಯಾಸಾಲದ ಪ್ರಕರಣವಲ್ಲ. ಆದರೂ ಈ ನಿಯಮ ವಿದ್ಯಾಸಾಲದವರಿಗೂ ತಗಲದೆ ಇರುವುದಿಲ್ಲ. ಸಾಲ ತೀರಿಸಲು ನೌಕರಿ ಬೇಕು, ನೌಕರಿಗೆ ಸೇರಲು ಸಾಲ ಬಾಕಿ ಇರಬಾರದು. ಇದರ ನಡುವೆ ಸಿಕ್ಕಿಬಿದ್ದ ಹುಡುಗ ಯಾವ ಬಾಗಿಲು ತಟ್ಟಬೇಕು? ಅಂಕ ಕಡಿಮೆಯೆಂದು ವಿದ್ಯಾರ್ಥಿಗೆ ವಿದ್ಯಾಸಾಲವನ್ನು ನಿರಾಕರಿಸಬಾರದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದ್ದು ಈ ಕತ್ತಲೆಯಲ್ಲಿ ಒಂದು ಸಮಾಧಾನದ ಮಾತು.

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ಆದಾಯದ ಮನೆಯ ಮಕ್ಕಳಿಗೆ ಓದಿನ ಅವಧಿಯ ಬಡ್ಡಿಯನ್ನು ತಾನೇ ಭರಿಸುವ ಯೋಜನೆಯನ್ನು ಕೇಂದ್ರ 2009ರಲ್ಲಿ ತಂದಿತು. ನಮ್ಮ ರಾಜ್ಯದ ನಿಗಮಗಳ ಅರಿವು ಯೋಜನೆಯಲ್ಲಿ ಹಿಂದುಳಿದ ವರ್ಗದ, ಅಲ್ಪಸಂಖ್ಯಾತ ಸಮುದಾಯದ ಮಕ್ಕಳಿಗೆ ನೂರಕ್ಕೆ ಎರಡರ ದರದಲ್ಲಿ ಸಾಲ ಸಿಕ್ಕಿದೆ. 2024ರ ನವೆಂಬರಿನಲ್ಲಿ ಬಂದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಎಂಟು ಲಕ್ಷದೊಳಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ನೂರಕ್ಕೆ ಮೂರನ್ನು ಇಳಿಸುತ್ತದೆ. ಆದರೆ ಅದು ಹೊರಟದ್ದು ದೇಶದ 860 ಉತ್ತಮ ಸಂಸ್ಥೆಗಳ ವಿದ್ಯಾರ್ಥಿಗಳಿಗಾಗಿ. ನಮ್ಮ ತಾಲೂಕಿನ ಮಕ್ಕಳು ಸೇರುವ ಕಾಲೇಜುಗಳಲ್ಲಿ ಎಷ್ಟು ಆ ಪಟ್ಟಿಯಲ್ಲಿರಬಹುದು? ಒಳ್ಳೆಯ ಕಾಲೇಜಿಗೆ ಹೋದವರಿಗೆ ಒಳ್ಳೆಯ ಕೆಲಸ ಸಿಕ್ಕುತ್ತದೆ, ಅವರಿಗೆ ಬಡ್ಡಿಯೂ ಕಡಿಮೆ. ಸಾಧಾರಣ ಕಾಲೇಜಿಗೆ ಹೋದವರಿಗೆ ಕೆಲಸವೂ ಅನುಮಾನ, ಬಡ್ಡಿಯೂ ಪೂರ್ತಿ. ಇದು ಯಾವ ನ್ಯಾಯವೋ ನನಗೆ ಅರ್ಥವಾಗಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಅನುಕೂಲವಿಲ್ಲದವರು ಎಂಜಿನಿಯರಿಂಗಿಗೆ ಏಕೆ ಹೋಗಬೇಕು ಎಂದು ಕೇಳುವವರೂ ಇದ್ದಾರೆ. ಹಾಗೆ ಕೇಳುವವರ ಮಕ್ಕಳ ಹಾಸಿಗೆ ಉದ್ದವಾಗಿಯೇ ಇರುತ್ತದೆ. ಬಡವರ ಕಾಲನ್ನು ಮಡಿಸುವುದು ಉಪಾಯವಲ್ಲ. ಆಸ್ಟ್ರೇಲಿಯಾದಲ್ಲಿ 1989ರಿಂದ ಒಂದು ಪದ್ಧತಿ ಇದೆ. ಪದವೀಧರನ ಆದಾಯ ಒಂದು ಮಟ್ಟ ಮುಟ್ಟುವವರೆಗೆ ಅವನು ಏನೂ ಕಟ್ಟಬೇಕಿಲ್ಲ. ಮುಟ್ಟಿದ ಮೇಲೆ ಆದಾಯಕ್ಕೆ ತಕ್ಕಂತೆ ತೆರಿಗೆಯ ಜೊತೆಗೆ ವಸೂಲಾಗುತ್ತದೆ. ಅಲ್ಲಿಯೂ ಬಾಕಿ ಬೆಳೆದು, 2025ರಲ್ಲಿ ಸರ್ಕಾರ ವಿದ್ಯಾಸಾಲದ ಐದರಲ್ಲೊಂದು ಭಾಗವನ್ನು ಕಡಿತ ಮಾಡುವ ಕಾನೂನು ತಂದಿತು. ದೋಷವಿಲ್ಲದ ಪದ್ಧತಿಯಲ್ಲ ಅದು. ಆದರೆ ದುಡಿಮೆ ಬಂದ ಮೇಲೆ ಕೊಡು ಎನ್ನುವುದಕ್ಕೂ ತಾರೀಖು ಬಂತು ಕೊಡು ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಋಣದ ವಾಸನೆ ಸ್ವಲ್ಪವಾದರೂ ಉಳಿದಿದೆ. ನಮ್ಮಲ್ಲಿಯೂ ಕಂತನ್ನು ಸಂಬಳಕ್ಕೆ ಹೊಂದಿಸಬಹುದು. ಸಾಲಕ್ಕೆ ಕಾಗದ ಕೊಡುವ ಕಾಲೇಜು, ತನ್ನಲ್ಲಿ ಓದಿದವರಿಗೆ ನಿಜವಾಗಿ ಎಷ್ಟು ಸಂಬಳ ಸಿಕ್ಕಿತು ಎಂಬುದನ್ನೂ ಬರೆದುಕೊಡಬೇಕೆಂದು ನಿಯಮ ಮಾಡಬಹುದು. ಅರ್ಜಿಯ ಮೊದಲ ಪುಟದಲ್ಲಿ, ಕನ್ನಡದಲ್ಲಿ, ರಜೆ ಮುಗಿದ ದಿನ ನಿಮ್ಮ ಸಾಲ ಇಷ್ಟಾಗಿರುತ್ತದೆ ಎಂದು ಒಂದು ಸಾಲು ಬರೆಯಬಹುದು. ಇವು ಯಾವುವೂ ಅಸಾಧ್ಯವಲ್ಲ.

ನನ್ನ ಚಿಂತೆ ಹಣಕ್ಕಿಂತ ಆಚೆಯದು. ಕಳೆದ ಕೆಲವು ವರ್ಷಗಳಲ್ಲಿ ಒಳ್ಳೆಯ ಅಂಕ ಪಡೆದ ಹುಡುಗರಲ್ಲಿ, ಮೇಷ್ಟರಾಗುತ್ತೇನೆ ಎನ್ನುವವರನ್ನು ನಾನು ಹುಡುಕುತ್ತಿದ್ದೇನೆ. ಎಂ.ಎಸ್ಸಿ. ಮುಗಿಸಿ, ಪಾಠ ಮಾಡುವ ಆಸೆಯಿದ್ದ ಹುಡುಗನೊಬ್ಬ, “ಬಿ.ಎಡ್. ಮಾಡುವ ಮನಸ್ಸುಂಟು ಟೀಚರ್, ಆದರೆ ತಂಗಿಯ ಸಾಲದ ಕಂತು ನಾನೇ ಕಟ್ಟುದು” ಎಂದು ಹೇಳಿ ಕಾಲ್ ಸೆಂಟರಿಗೆ ಹೋದ. ಸಾಲ ಇರುವವನು ಮೊದಲು ಸಿಕ್ಕ ಕೆಲಸವನ್ನು ಹಿಡಿಯುತ್ತಾನೆ, ಸಂಬಳ ಕಡಿಮೆಯೆಂದು ಪ್ರಶ್ನಿಸುವುದಿಲ್ಲ, ತಪ್ಪು ಕಂಡರೂ ಮಾತಾಡುವುದಿಲ್ಲ, ಹಳ್ಳಿಯ ಶಾಲೆಗೆ ಬರುವುದಿಲ್ಲ. ಇಪ್ಪತ್ತೆರಡರಿಂದ ಮೂವತ್ತರವರೆಗಿನ ವಯಸ್ಸು ಒಂದು ನಾಡಿಗೆ ಹೊಸ ಮಾತು ಕೊಡುವ ವಯಸ್ಸು. ಆ ವಯಸ್ಸನ್ನು ನಾವು ಕಂತಿಗೆ ಬರೆದುಕೊಟ್ಟಿದ್ದೇವೆ.

ನಮ್ಮ ತಲೆಮಾರಿನವರು ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕಡಿಮೆ ಶುಲ್ಕಕ್ಕೆ ಓದಿದೆವು. ಅದನ್ನು ಯಾರೂ ನಮಗೆ ಬಿಟ್ಟಿ ಕೊಡಲಿಲ್ಲ, ನಮಗೆ ಗುರುತಿಲ್ಲದ ಲಕ್ಷಾಂತರ ಜನ ಕಟ್ಟಿದ ತೆರಿಗೆಯಿಂದ ಓದಿದೆವು. ಆ ಋಣ ಕೊಟ್ಟವರಿಗೆ ಹಿಂದಿರುಗಿಸುವಂಥದ್ದಲ್ಲ, ಮುಂದಿನ ಮಕ್ಕಳಿಗೆ ಸಲ್ಲಿಸುವಂಥದ್ದು. ಸಲ್ಲಿಸುವ ಸರದಿ ನಮ್ಮದಾದಾಗ ನಾವು ಅದನ್ನು ಸಾಲವಾಗಿ ಮಾಡಿ, ಬಡ್ಡಿ ಹಚ್ಚಿ, ಅವರ ಕೈಗೇ ಕೊಟ್ಟೆವು. ಬಾಕಿ ಉಳಿಸಿಕೊಂಡವರು ಯಾರು ಎಂಬ ಪಟ್ಟಿಯನ್ನು ಬ್ಯಾಂಕಿನವರು ಬರೆಯುವಾಗ ನಮ್ಮ ಹೆಸರು ಅದರಲ್ಲಿ ಬರುವುದಿಲ್ಲ, ಅಷ್ಟೆ.